ಅಳಿವೆಯ ನೀರಿನ ಅಧ್ಯಯನ: ಎಂಟು ಮತ್ತು ಒಂಬತ್ತನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಬರುವ ಅಮಾವಾಸ್ಯೆಯ ಮರುದಿನ ನಮ್ಮ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಅಘನಾಶಿನಿ ಅಳಿವೆಗೆ ಕರೆದೊಯ್ದು, ಅಲ್ಲಿನ ಕೆಸರಿನಲ್ಲಿ ಬದುಕುವ ಜೀವಿಗಳ ಮೂಲಕ ನೀರಿನ ಗುಣಮಟ್ಟವನ್ನು ಅರಿಯುವ ಅಭ್ಯಾಸ ಮಾಡಿಸಲು ನಿರ್ಧರಿಸಿದ್ದೇವೆ. ಅದಕ್ಕೆ ತಮ್ಮ ಒಪ್ಪಿಗೆಯನ್ನು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಲದೇ ಎಂದು ಪೋಷಕರ ಸಭೆಯಲ್ಲಿ ಒಬ್ಬರು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಆದರೆ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ; ಬೆಳಿಗ್ಗೆ ಬಾಟಲಿಗೆ ತುಂಬಿದ ನೀರು ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ. ಕೆಸರಿನಲ್ಲಿ ಹೂತು ಬದುಕುವ ಚಿಪ್ಪುಜೀವಿಯಾದ ಬಳಚು ಹಾಗಲ್ಲ. ಹೆಚ್ಚು ಕದಲದೆ, ತಿಂಗಳುಗಟ್ಟಲೆ ನೀರನ್ನು ಒಳಗೆಳೆದು ಸೋಸಿ ತಿನ್ನುವ ಅದರ ಮೈಯಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸದಂಥ ಲೋಹಗಳು, ನೀರಿನಲ್ಲಿ ಅತ್ಯಲ್ಪವಾಗಿದ್ದರೂ, ಕೂಡಿಕೊಳ್ಳುತ್ತಾ ಹೋಗುತ್ತವೆ. ಚಿಪ್ಪುಜೀವಿಗಳ ಈ ಗುಣವನ್ನೇ ಬಳಸಿಕೊಂಡು ಸಮುದ್ರದ ಮಾಲಿನ್ಯದ ಮೇಲೆ ಕಣ್ಣಿಡಬೇಕೆಂದು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ‘ಮಸಲ್ ವಾಚ್’ (ಚಿಪ್ಪುಜೀವಿಗಳ ಮೂಲಕ ನಿಗಾ) ಎಂಬ ಯೋಜನೆಯನ್ನು ಸೂಚಿಸಿದರು. 1986ರಲ್ಲಿ ಆ ದೇಶದ ಸರ್ಕಾರ ತನ್ನ ಕರಾವಳಿಯಲ್ಲಿ ಅದನ್ನು ಜಾರಿಗೆ ತಂದಿತು.

ನಮ್ಮ ಮಕ್ಕಳು ಲೋಹಗಳನ್ನು ಅಳೆಯುವುದಿಲ್ಲ, ಅದಕ್ಕೆ ಬೇಕಾದ ಉಪಕರಣಗಳು ನಮ್ಮಲ್ಲಿಲ್ಲ. ಅವರು ಮಾಡುವುದು ಎಣಿಕೆ. ಪೈಪಿನಿಂದ ಮಾಡಿದ ಅರ್ಧ ಮೀಟರಿನ ಚೌಕಟ್ಟನ್ನು ಕೆಸರಿನ ಮೇಲಿಟ್ಟು, ಅದರೊಳಗಿನ ಒಂದು ಗೇಣು ಮಣ್ಣನ್ನು ತೆಗೆದು, ಒಂದು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಬಳಚು, ಶಂಖದ ಹುಳು, ಏಡಿ, ಎರೆಹುಳುವಿನಂಥ ಕಡಲಹುಳುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಅಳಿವೆಯ ಬಾಯಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು ಮತ್ತು ಗಜನಿಯ (ಉಪ್ಪುನೀರಿನ ಗದ್ದೆಯ) ಜಂತ್ರಡಿಯ, ಅಂದರೆ ನೀರು ಬಿಡುವ ತೂಬಿನ, ಹತ್ತಿರ, ಹೀಗೆ ಮೂರು ಕಡೆ. ಹಲವು ಬಗೆಯ ಜೀವಿಗಳು ಸಿಕ್ಕರೆ ಒಳ್ಳೆಯ ಲಕ್ಷಣ. ಕೊಳಚೆ ಹೆಚ್ಚಾಗಿ ಆಮ್ಲಜನಕ ಕಡಿಮೆಯಾದಲ್ಲಿ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಬಗೆಗಳು ಕಡಿಮೆಯಾಗಿ, ಕ್ಯಾಪಿಟೆಲ್ಲಾದಂಥ ಒಂದೆರಡು ಜಾತಿಯ ಕೆಂಪು ಹುಳುಗಳೇ ಗಿಜಿಗುಟ್ಟುತ್ತವೆ. ಆದ್ದರಿಂದ ಬರೀ ಒಟ್ಟು ಸಂಖ್ಯೆಯನ್ನು ನೋಡಿ ಹಿಗ್ಗುವಂತಿಲ್ಲ.

ಒಂದು ವಿಷಯವನ್ನು ಮಾತ್ರ ತಾವು ಗಮನಿಸಬೇಕೆಂದು ವಿನಂತಿ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಒಮ್ಮೆಲೇ ನುಗ್ಗಿ ಉಪ್ಪಿನಂಶ ಕುಸಿದಾಗಲೂ ಬಳಚು ರಾಶಿರಾಶಿಯಾಗಿ ಸಾಯುವುದುಂಟು. ಸತ್ತ ಚಿಪ್ಪು ಕಂಡ ಕೂಡಲೇ ‘ವಿಷ ಬಿಟ್ಟಿದ್ದಾರೆ’ ಎಂಬ ಸುದ್ದಿ ಮೊಬೈಲಿನಲ್ಲಿ ಹರಡುತ್ತದೆ, ಅದರಿಂದ ಬಳಚು ಮಾರಿ ಸಂಸಾರ ತೂಗಿಸುವ ಮನೆಗಳಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ಮಕ್ಕಳು ಪ್ರತಿ ಸಲವೂ ಉಪ್ಪಿನಂಶ ಮತ್ತು ಹಿಂದಿನ ದಿನಗಳ ಮಳೆಯನ್ನು ಬರೆದುಕೊಳ್ಳುತ್ತಾರೆ. ಅವರ ಎಣಿಕೆಯನ್ನು ಬಳಚು ತಿನ್ನಬಹುದೇ, ಬಾರದೇ ಎಂಬ ತೀರ್ಪಾಗಿ ಯಾರೂ ಬಳಸಬಾರದು. ಅದನ್ನು ಹೇಳಬೇಕಾದದ್ದು ಪ್ರಯೋಗಾಲಯ. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತಿರುವುದರಿಂದ, ವರ್ಷವರ್ಷವೂ ಇಟ್ಟುಕೊಂಡ ದಾಖಲೆಗೆ ಮುಂದೆ ಬೆಲೆ ಬರಬಹುದೆಂಬುದು ನನ್ನ ಅನಿಸಿಕೆ.

ಅಮಾವಾಸ್ಯೆಯ ದೊಡ್ಡ ಇಳಿತ ಸಂಜೆಯ ಕಡೆಗೆ ಬರುವುದರಿಂದ ಮಧ್ಯಾಹ್ನ ಮೂರಕ್ಕೆ ಹೊರಟು, ಭರತ ಏರುವ ಮೊದಲೇ ದಡಕ್ಕೆ ಬರುತ್ತೇವೆ. ಚಿಪ್ಪು ಕಾಲಿಗೆ ಕುಯ್ಯುತ್ತದೆ. ಹಿಂಬದಿ ಪಟ್ಟಿಯಿರುವ ಹಳೆಯ ಚಪ್ಪಲಿ ಹಾಕಿ ಕಳಿಸಿ. ಎಣಿಸಿದ ಜೀವಿಗಳನ್ನು ಅಲ್ಲಿಯೇ ಬಿಡಲಾಗುವುದು, ಮನೆಗೆ ತರಲು ಅವಕಾಶವಿಲ್ಲ. ಬಳಚು ತೆಗೆಯುವ ತಾಯಂದಿರಲ್ಲಿ ಇಬ್ಬರು ಮೂವರು ಜೊತೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ: ಕೆಸರು ಎಲ್ಲಿ ಗಟ್ಟಿ, ಎಲ್ಲಿ ಹೂಳುತ್ತದೆ ಎಂಬುದು ನಮ್ಮ ವಿಜ್ಞಾನದ ಮೇಷ್ಟ್ರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಮಕ್ಕಳ ಕೈಯಲ್ಲಿ ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು