ಟೆಸ್ಟಿಗೆ ನೀನೂ ಹೋಗು, ಮಗಾ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಬ್ಬಕ್ಕೆ ಬಂದಾಗ ಸೊಸೆಯ ಚೀಲದಲ್ಲಿ ದಪ್ಪ ಫೈಲ್ ನೋಡಿದೆ. ಸ್ಕ್ಯಾನಿಂಗ್, ಥೈರಾಯ್ಡ್, ಹಾರ್ಮೋನ್, ಎಲ್ಲಾ ಅವಳದೇ. ಮಗುವಾಗಲಿಲ್ಲವೆಂದು ಒಂದೂವರೆ ವರ್ಷದಿಂದ ಸೂಜಿ ಚುಚ್ಚಿಸಿಕೊಂಡವಳು ಅವಳು, ಮಾತ್ರೆ ನುಂಗಿದವಳು ಅವಳು. ನಿನ್ನ ಹೆಸರಿನ ಒಂದು ಹಾಳೆಯೂ ಅದರಲ್ಲಿರಲಿಲ್ಲ. ಅವಳು ದೂರಲಿಲ್ಲ, ನಾನಾಗಿ ಕೇಳಿದ್ದಕ್ಕೆ ಹೇಳಿದಳು ಅಷ್ಟೇ.

ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಮೊದಮೊದಲು ಸಂತಾನೋತ್ಪತ್ತಿಯ ಪಾಠ ಬಂದಾಗ ನಾನೂ ನಾಚಿಕೊಂಡು, "ಮನೇಲಿ ಓದಿಕೊಳ್ಳಿ" ಅಂತ ಪುಟ ತಿರುಗಿಸಿಬಿಡುತ್ತಿದ್ದೆ. ಆ ತಪ್ಪು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ನಿನಗಾದರೂ ಬಿಡಿಸಿ ಹೇಳುತ್ತೇನೆ, ಪೂರ್ತಿ ಓದು.

ವೃಷಣಗಳು ಹೊಟ್ಟೆಯೊಳಗಿರದೆ ಹೊರಗೆ ಚೀಲದಲ್ಲಿ ಇರುವುದು ಸುಮ್ನೆ ಅಲ್ಲ. ವೀರ್ಯಾಣು ತಯಾರಾಗಲು ಮೈಯ ಬಿಸಿಗಿಂತ ಎರಡು ಡಿಗ್ರಿಯಷ್ಟು ತಂಪು ಬೇಕು. ಚಳಿಯಾದರೆ ಆ ಚೀಲ ಮುದುಡಿ ಮೈಗೆ ಹತ್ತಿರವಾಗುತ್ತದೆ, ಸೆಕೆಯಾದರೆ ಸಡಿಲವಾಗಿ ಇಳಿಯುತ್ತದೆ. ನೀನು ಗಂಟೆಗಟ್ಟಲೆ ಲ್ಯಾಪ್‌ಟಾಪನ್ನು ತೊಡೆ ಮೇಲೆ ಇಟ್ಟುಕೊಂಡು ಕೂರುತ್ತೀಯಲ್ಲ, ಅದನ್ನು ಮೇಜಿನ ಮೇಲಿಡು.

ವೃಷಣದ ಒಳಗೆ ನೂಲಿನಂಥ ಸಣ್ಣ ನಾಳಗಳು ಸುರುಳಿ ಸುತ್ತಿಕೊಂಡಿರುತ್ತವೆ. ಅಲ್ಲಿ 46 ವರ್ಣತಂತುಗಳಿರುವ ಒಂದು ಜೀವಕೋಶ ಎರಡು ಸಲ ಒಡೆದು ನಾಲ್ಕಾಗುತ್ತದೆ. ಒಂದೊಂದರಲ್ಲೂ 23 ವರ್ಣತಂತು. ಆಮೇಲೆ ಅವಕ್ಕೆ ಬಾಲ ಮೂಡುತ್ತದೆ. ಇಷ್ಟಕ್ಕೆ ಸುಮಾರು 74 ದಿನ ಬೇಕು. ಅಲ್ಲಿಂದ ಮುಂದೆ ಎಪಿಡಿಡಿಮಿಸ್ ಅನ್ನುವ ನಾಳ. ಬಿಚ್ಚಿ ಹಾಸಿದರೆ ಆರು ಮೀಟರ್ ಬರುತ್ತದೆ. ಅದನ್ನು ದಾಟುವಷ್ಟರಲ್ಲಿ ವೀರ್ಯಾಣು ಬಲಿತು ಈಜುವ ಶಕ್ತಿ ಪಡೆಯುತ್ತದೆ. ಅಂದರೆ ಇವತ್ತಿನ ವೀರ್ಯಾಣುವಿನ ಕೆಲಸ ಶುರುವಾಗಿದ್ದು ಹೆಚ್ಚುಕಡಿಮೆ ಮೂರು ತಿಂಗಳ ಹಿಂದೆ. ಸಿಗರೇಟು ಬಿಟ್ಟು ಹತ್ತೇ ದಿನಕ್ಕೆ ಫಲ ಕಾಣಲಿಲ್ಲ ಅನ್ನಬೇಡ. ಜಿಮ್ಮಿನಲ್ಲಿ ಯಾರಾದರೂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡುತ್ತೇನೆ ಅಂದರೆ ಮುಟ್ಟಲೇಬೇಡ. ಹಾರ್ಮೋನ್ ಹೊರಗಿಂದ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣು ತಯಾರಿ ಕುಸಿಯುತ್ತದೆ.

ಅವಳ ಲೆಕ್ಕವೇ ಬೇರೆ. ನಿನ್ನಲ್ಲಿ ದಿನಾ ಹೊಸದು ಹುಟ್ಟುತ್ತಲೇ ಇರುತ್ತದೆ, ಅವಳಲ್ಲಿ ಹಾಗಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳು ಅರ್ಧಂಬರ್ಧ ತಯಾರಾಗಿ ಕಾದಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಬಲಿತು ಹೊರಬರುವುದು ಸುಮಾರು 400 ಮಾತ್ರ. ಅಂಡಾಣುವಿನ ಕೊನೆಯ ಒಡೆತ ಮುಗಿಯುವುದಂತೂ ವೀರ್ಯಾಣು ಒಳಗೆ ಹೊಕ್ಕ ಮೇಲೆಯೇ.

ನಿನ್ನಮ್ಮ ಹೊಟ್ಟೆಯಲ್ಲಿದ್ದಾಗ ನನಗೆ ಆರು ವರ್ಷ. ಮಧ್ಯಾಹ್ನ ಅಮ್ಮ ಚಾಪೆ ಮೇಲೆ ಅಡ್ಡಾದರೆ ಅವಳ ಹೊಟ್ಟೆಗೆ ಕಿವಿ ಇಟ್ಟು ಮಲಗುತ್ತಿದ್ದೆ. ಒಳಗೆ ತಂಗಿ ಒದೆಯುತ್ತಿದ್ದಳು. ಮುಂದೆ ನೀನಾಗಬೇಕಿದ್ದ ಅಂಡಾಣು ಆ ತಂಗಿಯೊಳಗೆ ಆಗಲೇ ಇತ್ತು, ಪುಟ್ಟಾ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದಕ್ಕೇ ಹೇಳುವುದು, ನೀನು 'ಮುಂದಿನ ತಿಂಗಳು ನೋಡೋಣ' ಅಂದಾಗಲೆಲ್ಲ ಕರಗುವುದು ಅವಳ ಅಂಡಾಣುಗಳ ಗಂಟು. ವಯಸ್ಸು ಮೂವತ್ತೈದು ದಾಟಿದ ಮೇಲೆ ಅದು ಇನ್ನೂ ಬೇಗ ಕರಗುತ್ತದೆ. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಿನಲ್ಲೂ ಏನಾದರೊಂದು ಕಾರಣ ಇರುತ್ತದೆ. ಹೀಗಿರುವಾಗ ಅವಳೊಬ್ಬಳನ್ನೇ ಓಡಾಡಿಸುವುದು ನ್ಯಾಯವಲ್ಲ ಅಲ್ವಾ?

ವೀರ್ಯ ಪರೀಕ್ಷೆಯಲ್ಲಿ ಸೂಜಿಯೂ ಇಲ್ಲ, ನೋವೂ ಇಲ್ಲ. ಎರಡರಿಂದ ಏಳು ದಿನ ವೀರ್ಯ ಹೋಗದಂತೆ ಇದ್ದು, ಲ್ಯಾಬಿನವರು ಕೊಡುವ ಡಬ್ಬಿಯಲ್ಲಿ ಕೊಟ್ಟು ಬರಬೇಕು. ಎಷ್ಟಿವೆ, ಎಷ್ಟು ಚುರುಕಾಗಿವೆ, ಆಕಾರ ಹೇಗಿದೆ ಅಂತ ನೋಡುತ್ತಾರೆ. ಕಡಿಮೆ ಬಂದರೆ ಗಾಬರಿಯಾಗಬೇಡ. ಒಂದು ಜ್ವರ ಬಂದು ಹೋಗಿದ್ದರೂ ಸಂಖ್ಯೆ ಇಳಿದಿರುತ್ತದೆ, ಮತ್ತೊಮ್ಮೆ ಮಾಡಿಸುತ್ತಾರೆ. ವೃಷಣದ ರಕ್ತನಾಳ ಉಬ್ಬಿರುವ ವೆರಿಕೋಸೀಲ್ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಇದರಲ್ಲಿ ಗಂಡಸುತನದ ಪ್ರಶ್ನೆಯೇ ಬರುವುದಿಲ್ಲ. ಸಂಸಾರ ಚೆನ್ನಾಗಿಯೇ ನಡೆಸುತ್ತಿರುವವರಿಗೂ ಎಣಿಕೆ ಕಡಿಮೆ ಇರಬಹುದು.

ನಿನ್ನಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಸೊಸೆಯನ್ನು ಇನ್ನು ಯಾವ ಹರಕೆಗೂ ಒಬ್ಬಳನ್ನೇ ಕಳಿಸಬೇಡ ಅಂತ ಹೇಳುತ್ತೇನೆ.

ಶನಿವಾರ ಹೇಗೂ ನಿನಗೆ ರಜೆ, ಬೆಳಿಗ್ಗೆಯೇ ಹೋಗಿ ಬಾ. ರಿಪೋರ್ಟ್ ನನಗೆ ತೋರಿಸಬೇಕಾಗಿಲ್ಲ. ಅವಳ ಫೈಲಿನಲ್ಲಿ ಸೇರಿಸಿಡು.

ಇಂತಿ,
ನಿನ್ನ ದೊಡ್ಡಮ್ಮ