ಕಡಲ ದಡದ ಹಕ್ಕಿಗಳ ಫೋಟೋ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ದಡದ ಹಕ್ಕಿಗಳು ಹೆಚ್ಚಾಗಿ ಬೂದು-ಕಂದು ಬಣ್ಣದಲ್ಲೇ ಇರುತ್ತವೆ. ಹಾಗಾಗಿ ಬರೀ ಬಣ್ಣ ನೋಡಿ ಹೆಸರು ಹೇಳಬೇಡಿ. ಕಾಲು, ಕೊಕ್ಕು, ನಡಿಗೆ ನೋಡಿ.

ಅಲೆ ಸರಿದಾಗ ಅದರ ಬೆನ್ನಿಗೇ ಓಡಿ, ಅಲೆ ಬಂದಾಗ ವಾಪಸ್ ಓಡುವ ಬೆಳ್ಳನೆಯ ಹಕ್ಕಿ ಸ್ಯಾಂಡರ್ಲಿಂಗ್. ಅದಕ್ಕೆ ಕಾಲಿನ ಹಿಂಬೆರಳೇ ಇಲ್ಲ, ಫೋಟೋ ದೊಡ್ಡದು ಮಾಡಿ ನೋಡಿ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವುದು ಪ್ಲವರ್ ಗುಂಪಿನ ಹಕ್ಕಿ. ಕತ್ತಿನ ಹಿಂದೆ ಬಿಳಿ ಪಟ್ಟಿ ಇದ್ದರೆ ಕೆಂಟಿಶ್ ಪ್ಲವರ್ ಇರಬಹುದು. ಇಲ್ಲದಿದ್ದರೆ ಸ್ಯಾಂಡ್ ಪ್ಲವರ್ ಇರಬಹುದು, ಅದನ್ನು ಗುರುತಿಸುವುದು ಸ್ವಲ್ಪ ಕಷ್ಟ, ಮೂರ್ನಾಲ್ಕು ಫೋಟೋ ಹಾಕಿ. ಅಘನಾಶಿನಿ ಅಳಿವೆಯ ಕೆಂಪು ಕಾಲಿನ ಹಕ್ಕಿ ಹಾರುವಾಗ ರೆಕ್ಕೆಯ ಹಿಂದಂಚು ಅಗಲವಾಗಿ ಬಿಳಿ ಕಂಡರೆ ರೆಡ್‌ಶ್ಯಾಂಕ್.

ಫೋಟೋ ಜೊತೆ ಜಾಗ, ಸಮಯ ಬರೆಯಿರಿ. ಸುಮ್ನೆ ಹಿಂಡನ್ನು ಎಬ್ಬಿಸಬೇಡಿ, ದಯವಿಟ್ಟು. ಇಳಿತದ ಹೊತ್ತಲ್ಲೇ ಅವು ಜಾಸ್ತಿ ಮೇಯುವುದು.