ಫಾರ್ಮ್ಯಾಟ್ ಒಂದೇ ದಾರಿ ಅಲ್ಲ

ಮಾನ್ಯ ಸಂಪಾದಕರೆ,

ನಮ್ಮೂರಲ್ಲಿ ಕಂಪ್ಯೂಟರಿಗೆ ಏನೇ ಆಗಲಿ, ರಿಪೇರಿಗೆ ಒಯ್ದರೆ ಮೊದಲು ಕೇಳುವ ಮಾತು ಒಂದೇ: 'ಫಾರ್ಮ್ಯಾಟ್ ಹೊಡೀಬೇಕ್ರಿ ಸರ.' ಅಂದರೆ ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿ ಹೊಸದಾಗಿ ಸಿದ್ಧ ಮಾಡುವುದು. ನಿಧಾನವಾದರೂ ಫಾರ್ಮ್ಯಾಟ್, ವೈರಸ್ ಬಂದರೂ ಫಾರ್ಮ್ಯಾಟ್. ಹಳೆಯ ಡ್ರೈವಿನ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿ ಲೆಕ್ಕ ಇಡುವ ಪದ್ಧತಿ, ಬದಲಿಸಬೇಕು ಅಂದರಂತೂ ಬೇರೆ ಮಾತೇ ಇಲ್ಲ. ಉಳಿದದ್ದರ ಬಗ್ಗೆ ನಾನು ವಾದ ಮಾಡಲ್ಲ. ಈ ಕೊನೆಯದಕ್ಕೆ ಮಾತ್ರ ಫಾರ್ಮ್ಯಾಟ್ ಬೇಕಾಗಿಲ್ಲ.

ನಾನು ರಾಜೇಂದ್ರ ಗಂಜಿನ ಹತ್ತಿ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆಯ ಕಂಪ್ಯೂಟರಿನ ಡಿ ಡ್ರೈವ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಆಗ ಜೋಡಿಸಿ ಕೊಟ್ಟವರು ಅದನ್ನು ಎಫ್‌ಎಟಿ32 ಅನ್ನುವ ಫೈಲ್ ಸಿಸ್ಟಮ್ಮಿನಲ್ಲಿ ಮಾಡಿಕೊಟ್ಟಿದ್ದರು. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನ ಹಳೆಯ ಡೇಟಾ, ಮಕ್ಕಳು ಸಣ್ಣವರಿದ್ದಾಗಿನ ಫೋಟೊ ಎಲ್ಲ ಅದರಲ್ಲೇ ಇವೆ. ತಂಗಿಯ ಮಗಳ ಮದುವೆ ವಿಡಿಯೊ ಹಾಕಲು ಹೋದಾಗ ತಕರಾರು ಶುರುವಾಯಿತು. ವಿಡಿಯೊ 6 ಜಿಬಿ ಚಿಲ್ಲರೆ. ಡ್ರೈವಿನಲ್ಲಿ ಅದರ ಎರಡರಷ್ಟು ಜಾಗ ಖಾಲಿ. ಆದರೂ 'ಫೈಲ್ ತುಂಬಾ ದೊಡ್ಡದು' ಅಂತ ಹಟ.

ಎಫ್‌ಎಟಿ32 ಬಂದದ್ದು 1996ರಲ್ಲಿ. ಅದರಲ್ಲಿ ಒಂದೊಂದು ಫೈಲಿನ ಅಳತೆ ಬರೆದಿಡಲು 32 ಬಿಟ್ ಜಾಗ ಮಾತ್ರ. ರೋಜ್‌ಕಿರ್ದಿಯ (ದಿನದ ಲೆಕ್ಕದ ಪುಸ್ತಕದ) ಮೊತ್ತದ ಕಾಲಮ್ಮಿನಲ್ಲಿ ಇಷ್ಟೇ ಅಂಕಿ ಹಿಡಿಸುತ್ತವೆ ಅಂತ ಇರುತ್ತದಲ್ಲ, ಹಾಗೆ. 4 ಜಿಬಿ ಮುಟ್ಟಿದರೆ ಅಂಕಿ ಅಲ್ಲಿ ಕೂರುವುದಿಲ್ಲ. ವಿಂಡೋಸ್‌ನ ಇನ್ನೊಂದು ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಅದಕ್ಕಿಂತ ಹಳೆಯದು, 1993ರದ್ದು, ಆದರೂ ಅದಕ್ಕೆ ಈ ತೊಂದರೆ ಇಲ್ಲ. ಇನ್ನೊಂದು ಲಾಭವೂ ಇದೆ. ಡಿಸ್ಕಿನಲ್ಲಿ ಏನು ಬದಲಾಗುತ್ತಿದೆ ಅಂತ ಅದು ಮೊದಲೇ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಫೈಲುಗಳ ಪಟ್ಟಿ ಕೆಡುವ ಭಯ ಕಡಿಮೆ. ಆ ಹೊತ್ತಿಗೆ ನೀವು ಬರೆಯುತ್ತಿದ್ದ ಲೆಕ್ಕ ಹೋಗಬಹುದು, ಅದಕ್ಕೆ ಗ್ಯಾರಂಟಿ ಇಲ್ಲ. ಇಡೀ ರಾಜ್ಯಕ್ಕೆ ಕರೆಂಟ್ ಕೊಡುವ ಶಕ್ತಿನಗರ ನಮ್ಮ ಪಕ್ಕದಲ್ಲೇ ಇದೆ, ಆದರೂ ಬೇಸಿಗೆಯಲ್ಲಿ ನಮಗೆ ಈ ಲೆಕ್ಕಾಚಾರ ತಪ್ಪಿದ್ದಲ್ಲ!

ಎಫ್‌ಎಟಿ32ರಿಂದ ಎನ್‌ಟಿಎಫ್‌ಎಸ್‌ಗೆ ಹೋಗಲು ವಿಂಡೋಸ್‌ನಲ್ಲೇ 'ಕನ್ವರ್ಟ್' ಅನ್ನುವ ಕಮಾಂಡ್ ಇದೆ. ಒಳಗಿನ ಫೈಲು ಅಳಿಸದೆ ಬದಲಿಸುವುದೇ ಅದರ ಕೆಲಸ. ಹಾಗಂತ ಸುಮ್ನೆ ಒತ್ತಿಬಿಡುವುದೂ ಬೇಡ. ನಾನು ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಒಂದೆರಡು ಫೋಟೊ, ಟ್ಯಾಲಿಯಲ್ಲಿದ್ದ ಒಂದು ಕಂಪನಿಯ ಲೆಕ್ಕ ಅಲ್ಲಿಂದಲೇ ತೆರೆದು ನೋಡಿದೆ. ಆಮೇಲೆ ಡ್ರೈವಿನಲ್ಲಿ ದೋಷ ಇದೆಯೇ ಅಂತ ನೋಡುವ 'ಚೆಕ್‌ಡಿಸ್ಕ್' ಓಡಿಸಿದೆ. ಯುಪಿಎಸ್ ಬ್ಯಾಟರಿ ತುಂಬುವ ತನಕ ಕಾದೆ. ನಂತರ ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಕನ್ವರ್ಟ್ ಡಿ: /ಎಫ್‌ಎಸ್:ಎನ್‌ಟಿಎಫ್‌ಎಸ್ (ಇಂಗ್ಲಿಷಿನಲ್ಲಿ convert d: /fs:ntfs) ಅಂತ ಟೈಪ್ ಮಾಡಿದೆ. ಅದು ಡ್ರೈವಿನ ಈಗಿನ ಹೆಸರೇನು ಅಂತ ಕೇಳುತ್ತದೆ. ಗಾಬರಿ ಬೇಡ, ತಪ್ಪಿ ಬೇರೆ ಡ್ರೈವಿಗೆ ಕೈ ಹಾಕಬಾರದು ಅಂತ ಕೇಳುವುದು ಅಷ್ಟೇ. ನನ್ನದಕ್ಕೆ 'ಟ್ಯಾಲಿ ಓಲ್ಡ್' ಅಂತ ಹೆಸರಿತ್ತು, ಬರೆದೆ. ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಮದುವೆ ವಿಡಿಯೊ ಈಗ ಆ ಡ್ರೈವಿನಲ್ಲೇ ಇದೆ.

ಒಂದು ಸಲ ಹೋದರೆ ವಾಪಸ್ ಬರುವ ಕಮಾಂಡ್ ಇಲ್ಲ. ಹಿಂದಕ್ಕೆ ಎಫ್‌ಎಟಿ32 ಬೇಕು ಅಂದರೆ ಆಗ ಫಾರ್ಮ್ಯಾಟೇ ಗತಿ. ಅದಕ್ಕೇ ಎಲ್ಲ ಡ್ರೈವಿಗೂ ಇದನ್ನು ಮಾಡಿ ಅಂತ ನಾನು ಹೇಳಲ್ಲ. ಕಂಪ್ಯೂಟರಿನ ಒಳಗೇ ಇರುವ ಡ್ರೈವ್ ಆದರೆ ಮಾಡಿ. ಕಾರಿನ ಸ್ಟೀರಿಯೊಗೆ, ಹಳೆಯ ಟಿವಿಗೆ ಚುಚ್ಚುವ ಪೆನ್‌ಡ್ರೈವ್ ಆದರೆ ಬಿಟ್ಟುಬಿಡಿ, ಅಂಥವು ಎಷ್ಟೋ ಎಫ್‌ಎಟಿ32 ಒಂದನ್ನೇ ಓದುತ್ತವೆ. ಆಪಲ್ ಕಂಪ್ಯೂಟರ್ ಇರುವವರ ಜೊತೆ ಡಿಸ್ಕ್ ಹಂಚಿಕೊಳ್ಳುವವರಿಗೂ ಎನ್‌ಟಿಎಫ್‌ಎಸ್ ಕಿರಿಕಿರಿ. ಅಲ್ಲಿ ಓದಬಹುದು, ಬೇರೆ ಸಾಫ್ಟ್‌ವೇರ್ ಹಾಕದೆ ಬರೆಯಲು ಆಗುವುದಿಲ್ಲ. ಅವರಿಗೆ 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಸಿಸ್ಟಮ್ ವಾಸಿ. ಆದರೆ ಅದಕ್ಕೆ ಈ ಕನ್ವರ್ಟ್ ಕಮಾಂಡ್ ನಡೆಯಲ್ಲ, ಕಾಪಿ ತೆಗೆದು ಫಾರ್ಮ್ಯಾಟ್ ಮಾಡಲೇಬೇಕು.

ಅಂಗಡಿಯವರಿಗೂ ಅವಸರ ಇರುತ್ತದೆ, ನನಗೆ ಗೊತ್ತು. ಫಾರ್ಮ್ಯಾಟ್ ಹೊಡೆದರೆ ಬೇಗ ಮುಗಿಯುತ್ತದೆ. ಆದರೆ ಗಿರಾಕಿ ಮುಂದೆ ನಿಂತಿರುವಾಗಲೇ 'ಒಳಗಿನದು ಅಳಿಸಿ ಹೋಗ್ತದ, ಕಾಪಿ ಅದ ಏನ್ರಿ?' ಅಂತ ಕೇಳಲು ಎಷ್ಟು ಹೊತ್ತು ಬೇಕು? ಕಂಪ್ಯೂಟರ್ ಇಳಿಸಿಕೊಂಡು ಕೊಡುವ ಚೀಟಿಯಲ್ಲಿ ಫಾರ್ಮ್ಯಾಟೋ ಕನ್ವರ್ಟೋ ಅಂತ ಒಂದು ಪದ ಬರೆದು ಗಿರಾಕಿಯ ಸಹಿ ಹಾಕಿಸಲಿ.

– ಗಂಜಿನ ಒಬ್ಬ ಗುಮಾಸ್ತ, ರಾಯಚೂರು